ಹಳೇ ಗೋ-ಕಾರ್ಟಿಗೆ ಔಷಧಿ ಮಿಷನ್ನಿನ ಇಂಜಿನ್ ಕೂರುತ್ತಾ? ಮಗನ ಜೊತೆ ನಾನೇ ಮಾಡಬೇಕು ಅಂತಿದ್ದೀನಿ

ಹೊಸನಗರ ತೋಟದಮನೆ, ಜುಲೈ:

ನಮಸ್ಕಾರ. ನಮ್ಮದು ಹೊಸನಗರ ತಾಲ್ಲೂಕಿನ ಒಂದು ಹಳ್ಳಿ, ಮೂರು ಎಕರೆ ಅಡಿಕೆ ತೋಟ. ಪುನರ್ವಸು ಮಳೆ ಹಿಡಿದ ಮೇಲೆ ಶಾಲೆಗೆ ಎರಡು ಸಲ ರಜೆ ಕೊಟ್ಟಿದ್ದಾರೆ. ಆ ರಜೆಯಲ್ಲೇ ನನ್ನ ಮಗ ದರಕಿನ ಮನೆಯ (ಒಣ ಎಲೆ ಕೂಡಿಡೋ ಕೊಟ್ಟಿಗೆ) ಮೂಲೆಯಲ್ಲಿದ್ದ ಗೋ-ಕಾರ್ಟನ್ನ, ಅಂದರೆ ನೆಲಕ್ಕಂಟಿದ ಹಾಗಿರೋ ಸಣ್ಣ ರೇಸ್ ಗಾಡಿಯನ್ನ, ಎಳೆದು ಹೊರಗೆ ಹಾಕಿದ್ದು. ಅದು ಅಲ್ಲಿರೋದು ನನಗೆ ಗೊತ್ತಿತ್ತು, ಅವನಿಗೆ ಗೊತ್ತಿರಲಿಲ್ಲ. ಅವನಿಗೀಗ 12 ವರ್ಷ, ಏಳನೇ ಕ್ಲಾಸು.

ನನ್ನ ತಮ್ಮ 2013ರಲ್ಲಿ ಇಂಜಿನಿಯರಿಂಗ್ ಓದುವಾಗ ಗೆಳೆಯರ ಜೊತೆ ಸೇರಿ ಒಂದು ಸ್ಪರ್ಧೆಗೆ ಅಂತ ಮಾಡಿದ ಗಾಡಿ ಅದು. ಸ್ಪರ್ಧೆ ಮುಗಿದ ಮೇಲೆ ಇಂಜಿನ್ ಬಿಚ್ಚಿ ಅದರ ಬೈಕಿಗೇ ವಾಪಸ್ ಹಾಕಿದರು. ಉಳಿದದ್ದು ಪಿಕಪ್ ಗಾಡಿಯಲ್ಲಿ ನಮ್ಮನೆಗೆ ಬಂತು. ಅಂದಿನಿಂದ ಅದರ ಮೇಲೆ ಅಡಿಕೆ ಹಾಳೆ, ಗೊಬ್ಬರದ ಚೀಲ, ಮುರಿದ ಏಣಿ ಎಲ್ಲಾ ಬಿದ್ದಿತ್ತು.

ಈಗಿನ ಸ್ಥಿತಿ ಹೇಳ್ತೀನಿ. ಕಾಲಿಡೋ ತಗಡು ಪೂರ್ತಿ ಹೋಗಿದೆ, ಹಪ್ಪಳದ ಹಾಗೆ ಕೈಯಲ್ಲೇ ಮುರಿಯುತ್ತೆ. ಫ್ರೇಮಿನ ಪೈಪಿಗೆ ಮೇಲಿಂದ ತುಕ್ಕು ಹಿಡಿದಿದೆ, ಒಳಗೆ ಹೇಗಿದೆಯೋ ಗೊತ್ತಿಲ್ಲ. ಎಡಗಡೆ ಟೈ ರಾಡ್ (ಸ್ಟೀರಿಂಗಿನಿಂದ ಮುಂಚಕ್ರಕ್ಕೆ ಹೋಗೋ ಸರಳು) ಬಗ್ಗಿದೆ. ಹಿಂದಿನ ಆಕ್ಸಲ್ ತಿರುಗುತ್ತೆ, ಆದರೆ ಬೀಸೋಕಲ್ಲಿನ ಹಾಗೆ ಗರಗರ ಅನ್ನುತ್ತೆ. ಡಿಸ್ಕ್ ಬ್ರೇಕ್ ಜಾಮ್. ನಾಲ್ಕೂ ಟೈರ್ ಒಡೆದು ಬಿರುಕು ಬಿಟ್ಟಿವೆ. ಸ್ಟೀರಿಂಗ್ ಮಾತ್ರ ಚೆನ್ನಾಗಿದೆ, ಅದಕ್ಕೆ ಸುತ್ತಿದ್ದ ದಾರ ಕೂಡ ಹಾಗೇ ಇದೆ.

ತೋಟದ ಮಿಷನ್ ಎಲ್ಲಾ ನಾನೇ ನೋಡಿಕೊಳ್ಳೋದು, ಅಪ್ಪ ಕಲಿಸಿದ್ದು. ಪ್ಲಗ್, ಕಾರ್ಬ್ಯುರೇಟರ್, ಆಯಿಲ್, ರಿಕಾಯಿಲ್ ಹಗ್ಗ, ಇಷ್ಟು ಗೊತ್ತು. ವೆಲ್ಡಿಂಗ್, ಲೇಥ್ ಕೆಲಸ ಗೊತ್ತಿಲ್ಲ. ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಯೋ ಮಿಷನ್ನಿಂದ ಬಿಚ್ಚಿಟ್ಟ ಹೊಂಡಾ ಜಿಎಕ್ಸ್160 ಇಂಜಿನ್ ಒಂದಿದೆ. ನಾಲ್ಕು ವರ್ಷದಿಂದ ಸ್ಟಾರ್ಟ್ ಮಾಡಿಲ್ಲ, ಹೊಸ ಮಿಷನ್ ಬಂದ ಮೇಲೆ ಮೂಲೆಗೆ ಸೇರಿದ್ದು. ಅದನ್ನ ಇದಕ್ಕೆ ಕೂರಿಸಬಹುದಾ?

ಪೇಟೆಯ ಒಂದು ಗ್ಯಾರೇಜಿನವರಿಗೆ ಫೋಟೋ ತೋರಿಸಿದೆವು. "ಬಿಟ್ಟು ಹೋಗಿ ಅಕ್ಕ, ಹದಿನೈದು ದಿನಕ್ಕೆ ರೆಡಿ ಮಾಡಿ ಕೊಡ್ತೀವಿ" ಅಂದರು. ಅವರು ಒಳ್ಳೆ ಮಾತೇ ಆಡಿದ್ದು. ಆದರೆ ಮಗ ಬಸ್ಸಿನಲ್ಲಿ ಮನೆ ಮುಟ್ಟೋವರೆಗೂ ಮಾತಾಡಲಿಲ್ಲ. ರಾತ್ರಿ ಊಟಕ್ಕೆ ಕೂತಾಗ "ಅವರೇ ಮಾಡಿದ್ರೆ ನಮಗೇನು ಉಳೀತು ಅಮ್ಮಾ?" ಅಂತ ಕೇಳಿದ. ಹಾಗಾಗಿ ಇಲ್ಲಿ ಬರೀತಿದ್ದೀನಿ. ಆತುರ ಏನೂ ಇಲ್ಲ. ಅಂಗಳದ ಅಡಿಕೆ ಖಾಲಿಯಾಗಿ ಬೇಸಿಗೆ ರಜೆ ಬರೋ ಹೊತ್ತಿಗೆ ಓಡಿದರೆ ಸಾಕು. ಪೈಪ್ ಒಳಗೆ ಕೆಟ್ಟಿದೆಯೋ ಇಲ್ಲವೋ ನೋಡೋದು ಹೇಗೆ? ಅವನ ಕೈಗೆ ಯಾವ ಕೆಲಸ ಕೊಡಬಹುದು, ಯಾವುದು ಕೂಡದು?

ಭದ್ರಾವತಿ ಲೇಥ್:

ತಂಗಿ, ಇಂಜಿನ್ ವಿಷಯ ಆಮೇಲೆ. ಮೊದಲು ಫ್ರೇಮ್.

ಒಂದು ಸಣ್ಣ ಸುತ್ತಿಗೆ ಮಗನ ಕೈಗೆ ಕೊಡು. ಪೈಪಿನ ಉದ್ದಕ್ಕೂ ನಾಲ್ಕು ಬೆರಳಿಗೊಂದು ಪೆಟ್ಟು ಹಾಕುತ್ತಾ ಹೋಗಲಿ. ಗಟ್ಟಿ ಪೈಪು ಟಣ್ ಅನ್ನುತ್ತೆ. ಒಳಗೆ ತಿಂದು ಹೋಗಿರೋ ಕಡೆ ದಬ್ ಅಂತ ಸತ್ತ ಸದ್ದು ಬರುತ್ತೆ. ಹಲಸಿನ ಹಣ್ಣು ಬಡಿದು ನೋಡಿದ ಮಕ್ಕಳಿಗೆ ಇದನ್ನ ಹೇಳಿಕೊಡಬೇಕಾಗಿಲ್ಲ. ಸದ್ದು ಬದಲಾದ ಕಡೆಯೆಲ್ಲಾ ಸೀಮೆಸುಣ್ಣದ ಗುರುತು ಹಾಕಲಿ. ಆಮೇಲೆ ಫ್ರೇಮಿನ ಅತಿ ತಗ್ಗಿನ ಜಾಗದಲ್ಲಿ, ಕೆಳಮುಖಕ್ಕೆ, 3 ಎಂಎಂ ತೂತು ಒಂದು ಹೊಡೆಯಿರಿ. ನೀರೋ ಕೆಂಪು ಪುಡಿಯೋ ಸುರಿದರೆ ಆ ಪೈಪು ಬದಲಿಸಬೇಕು. ಏನೂ ಬರದಿದ್ದರೆ ಆ ತೂತು ಮುಚ್ಚಿ ಪೇಂಟ್ ಮಾಡಿ. ವೆಲ್ಡಿಂಗ್ ಜಾಯಿಂಟ್ ಹತ್ತಿರ ಕೂದಲೆಳೆಯ ಬಿರುಕು ಇದೆಯಾ ಅಂತ ಟಾರ್ಚ್ ಹಿಡಿದು ನೋಡಿ. ಸ್ಟೀರಿಂಗ್ ಕಿಂಗ್‌ಪಿನ್ (ಮುಂಚಕ್ರ ಎಡಬಲ ತಿರುಗೋ ಪಿನ್) ಬ್ರಾಕೆಟ್ಟಿನಲ್ಲಿ ಬಿರುಕು ಇದ್ದರೆ ಆ ಭಾಗ ಹೊಸದೇ ಮಾಡಿಸು, ಮೇಲಿಂದ ಮೇಲೆ ವೆಲ್ಡಿಂಗ್ ಬೇಡ.

ಇನ್ನೊಂದು ಮಾತು. ಪಕ್ಕದಲ್ಲಿ ಔಷಧಿ ಡ್ರಮ್ ಇಟ್ಟಿದ್ದಿರಾ? ಆ ಔಷಧಿಯಲ್ಲಿರೋ ಮೈಲುತುತ್ತದ (ತಾಮ್ರದ ಉಪ್ಪು) ನೀರು ಕಬ್ಬಿಣಕ್ಕೆ ಬಿದ್ದರೆ ಕಬ್ಬಿಣ ಕರಗಿ ಅದರ ಮೇಲೆ ತಾಮ್ರ ಕೂರುತ್ತೆ. ಆ ತಾಮ್ರದ ಸುತ್ತ ತುಕ್ಕು ಬೇಗ ಬೇಗ ತಿನ್ನುತ್ತೆ. ಹಸಿರು, ನೀಲಿ ಕಲೆ ಕಂಡ ಕಡೆ ಚೆನ್ನಾಗಿ ನೀರಲ್ಲಿ ತೊಳೆದು, ವೈರ್ ಬ್ರಷ್ ಹಾಕಿ ಬಿಳಿ ಕಬ್ಬಿಣ ಕಾಣೋವರೆಗೂ ಉಜ್ಜಬೇಕು.

ಪೇಂಟು ಈ ಮಳೆಯಲ್ಲಿ ಬೇಡವೇ ಬೇಡ. ರೆಡ್ ಆಕ್ಸೈಡ್ ಪ್ರೈಮರ್ ಹೊಡೆದು "ಆಯ್ತು" ಅಂತ ಬಿಟ್ಟುಬಿಡ್ತಾರೆ. ಅದೊಂದೇ ಇದ್ದರೆ ತೇವ ಕುಡಿಯುತ್ತೆ, ಒಳಗಿಂದಲೇ ತುಕ್ಕು ಏಳುತ್ತೆ. ದೀಪಾವಳಿ ಕಳೆದ ಮೇಲೆ ಒಣ ಬಿಸಿಲಲ್ಲಿ ಪ್ರೈಮರ್ ಹೊಡೆದು, ಅದು ಒಣಗಿದ ಕೂಡಲೇ ಮೇಲಿನ ಬಣ್ಣವನ್ನೂ ಮುಗಿಸಿ.

ಆಕ್ಸಲ್ಲಿನ ಗರಗರ ಬೇರಿಂಗಿಂದು. ಆಕ್ಸಲ್ ದಪ್ಪ ವರ್ನಿಯರ್‌ನಲ್ಲಿ ಅಳೆ. 30 ಎಂಎಂ ಇದ್ದರೆ ಯುಸಿ 206, 25 ಇದ್ದರೆ ಯುಸಿ 205. ಅಂಗಡಿಯಲ್ಲಿ ಆ ನಂಬರ್ ಹೇಳಿದರೆ ಸಾಕು. ಬಗ್ಗಿದ ಟೈ ರಾಡನ್ನ ಬಡಿದು ನೇರ ಮಾಡಬೇಡಿ, ಒಮ್ಮೆ ಬಗ್ಗಿದ್ದು ಅಲ್ಲೇ ಮತ್ತೆ ಬಗ್ಗುತ್ತೆ. ಹೊಸದು ಮಾಡಿಸು, ಒಂದು ತುದಿಗೆ ಬಲ ಥ್ರೆಡ್, ಇನ್ನೊಂದಕ್ಕೆ ಎಡ ಥ್ರೆಡ್ ಹಾಕಿಸು. ಆಗ ರಾಡನ್ನ ಬಿಚ್ಚದೆ, ಬರೀ ತಿರುಗಿಸಿ ಉದ್ದ ಹೆಚ್ಚು ಕಡಿಮೆ ಮಾಡಬಹುದು. ಸೀಟಿನ ಹಿಂದೆ ಒಂದು ಅಡ್ಡ ಪೈಪ್ ಜಾಸ್ತಿ ಹಾಕಿಸಿದರೆ ಗಾಡಿ ಗಟ್ಟಿ ಇರುತ್ತೆ ಅಂತ ನನಗನಿಸುತ್ತೆ.

ವೆಲ್ಡಿಂಗ್ ಮಾಡುವಾಗ ಹುಡುಗನನ್ನ ದೂರ ಕೂರಿಸು. ಮಕ್ಕಳು ಆ ಬೆಳಕನ್ನ ಕದ್ದು ನೋಡ್ತಾರೆ. ರಾತ್ರಿ ಕಣ್ಣಿಗೆ ಮರಳು ಹೊಕ್ಕ ಹಾಗಾಗಿ ನಿದ್ದೆ ಇರಲ್ಲ. ತಗಡಿಗೆ ಜಿಂಕ್ ಲೇಪ ಇದ್ದರೆ ಉಜ್ಜಿ ತೆಗೆದೇ ವೆಲ್ಡ್ ಮಾಡೋಕೆ ಹೇಳು. ಆ ಬಿಳಿ ಹೊಗೆ ಕುಡಿದರೆ ಜ್ವರ ಬರುತ್ತೆ.

ಸಾಗರದ ಅಪ್ಪ:

ನಾನೂ ಮಗಳೂ ಸೇರಿ ಒಂದು ಹಳೇ ಲೂನಾ ಎಬ್ಬಿಸಿದ್ದೀವಿ, ಒಂದೂವರೆ ವರ್ಷ ಹಿಡೀತು. ಇಂಜಿನಿಯರಿಂಗ್ ಬಗ್ಗೆ ಉಳಿದವರು ಹೇಳ್ತಾರೆ. ನನ್ನದು ಒಂದೇ ಮಾತು: ಟಾರ್ಚ್ ನೀವು ಹಿಡೀರಿ, ಸ್ಪ್ಯಾನರ್ ಅವನ ಕೈಲಿರಲಿ. ನನ್ನಪ್ಪ ಎಂಟು ವರ್ಷ ನನಗೆ ಟಾರ್ಚ್ ಹಿಡಿಸಿದರು. ಎಷ್ಟು ಪ್ರೀತಿಯಿಂದ ಹಿಡಿದರೂ, ಟಾರ್ಚ್ ಹಿಡಿದವನಿಗೆ ಬೋಲ್ಟ್ ಎಷ್ಟು ಬಿಗಿ ಅಂತ ಗೊತ್ತಾಗಲ್ಲ.

ಬಿಚ್ಚೋ ಮೊದಲು ಫೋಟೋ ತೆಗೀರಿ. ಬಿಚ್ಚಿದ ಒಂದೊಂದು ಭಾಗದ ನಟ್ಟು ಬೋಲ್ಟಿಗೂ ಬೇರೆ ಬೇರೆ ಹಾಳೆ ತಟ್ಟೆ ಇಡಿ, ನಿಮ್ಮಲ್ಲಿ ಅದಕ್ಕೇನು ಬರ. ತಟ್ಟೆ ಅಂಚಿನ ಮೇಲೆ ಪೆನ್ಸಿಲಿನಲ್ಲಿ ಅವನೇ ಬರೀಲಿ. ಒಂದು ಸಲಕ್ಕೆ ಒಂದೂವರೆ ಗಂಟೆಗಿಂತ ಹೆಚ್ಚು ಬೇಡ. ಅವನು "ಇನ್ನೂ ಸ್ವಲ್ಪ ಹೊತ್ತು" ಅನ್ನುವಾಗಲೇ ನಿಲ್ಲಿಸಿ, ಮರುದಿನ ಅವನೇ ಕರೀತಾನೆ.

ವಿನೋಬನಗರ, ಶಿವಮೊಗ್ಗ:

ಪೆಟ್ರೋಲ್ ಯಾಕೆ, ಇ-ರಿಕ್ಷಾ ಮೋಟಾರ್ ಹಾಕಿ. ಸದ್ದಿಲ್ಲ, ಹೊಗೆ ಇಲ್ಲ.

ಹೊಸನಗರ ತೋಟದಮನೆ:

ವಿನೋಬನಗರದವರಿಗೆ: ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟು ದಿನಗಟ್ಟಲೆ ಇರಲ್ಲ. ಜೊತೆಗೆ ಇಂಜಿನ್ ಬಿಚ್ಚಿ ಕಲಿಯಬೇಕು ಅನ್ನೋ ಆಸೆ ಅವನಿಗಿಂತ ನನಗೇ ಹೆಚ್ಚು.

ಭದ್ರಾವತಿಯ ಅಣ್ಣನವರಿಗೆ: ಬಡಿದು ನೋಡಿದೆವು. ಎಡಗಡೆ ಉದ್ದ ಪೈಪಿನಲ್ಲಿ ಒಂದು ಗೇಣು ಜಾಗ ದಬ್ ಅಂತು. ತೂತು ಹೊಡೆದರೆ ಕಾಫಿಪುಡಿಯ ಹಾಗೆ ಸುರೀತು. ಔಷಧಿ ಡ್ರಮ್ ಇಟ್ಟಿದ್ದೂ ಅದೇ ಪಕ್ಕಕ್ಕೆ, ನೀವು ಹೇಳಿದ ಮೇಲೆ ಗೊತ್ತಾಯ್ತು. ಉಳಿದದ್ದೆಲ್ಲಾ ಟಣ್. ಆ ಒಂದು ತುಂಡು ಮಾತ್ರ ಬದಲಿಸ್ತೀವಿ.

ಒಂದು ಬೇಜಾರಿನ ವಿಷಯ. ಶಾಲೆಯಲ್ಲಿ ಇವನು ಗಾಡಿ ವಿಷಯ ಹೇಳಿದಾಗ "ಔಷಧಿ ಮಿಷನ್ ಇಂಜಿನ್ನಾ?" ಅಂತ ಹುಡುಗರು ನಕ್ಕರಂತೆ. ನಿಜವಾದ ಕಾರ್ಟಿಗೆ ಬೇರೆ ಇಂಜಿನ್ ಇರುತ್ತೆ ಅಂತ ಇವನ ಮನಸ್ಸಿಗೂ ಹೊಕ್ಕಿದೆ. ಏನು ಹೇಳಲಿ?

ಹಳೇ ಕಾರ್ಟ್ ಟೀಮ್:

ಅಕ್ಕ, ನಾನು ಕಾಲೇಜಿನಲ್ಲಿ ಎರಡು ವರ್ಷ ಕಾರ್ಟ್ ಟೀಮಿನಲ್ಲಿದ್ದೆ. ನಿಮ್ಮ ಹುಡುಗನಿಗೆ ಇದನ್ನ ಓದಿ ಹೇಳಿ. ಪ್ರಪಂಚದ ಮೊದಲ ಗೋ-ಕಾರ್ಟ್ 1956ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಆರ್ಟ್ ಇಂಗಲ್ಸ್ ಅನ್ನೋರು ಮಾಡಿದ್ದು. ಅವರು ರೇಸ್ ಕಾರ್ ಕಟ್ಟೋ ಕೆಲಸದವರು. ಅಂಥವರೂ ಕಾರ್ಟಿಗೆ ಹಾಕಿದ್ದು ಹುಲ್ಲು ಕತ್ತರಿಸೋ ಮಿಷನ್ನಿಗೆ ಅಂತ ಮಾಡಿದ್ದ ಎರಡೂವರೆ ಅಶ್ವಶಕ್ತಿಯ ಇಂಜಿನ್. ನಿಮ್ಮ ಜಿಎಕ್ಸ್160 ಅದರ ಹೆಚ್ಚುಕಡಿಮೆ ಎರಡರಷ್ಟು. 163 ಸಿಸಿ, 3600 ಆರ್‌ಪಿಎಂಗೆ 4.8 ಅಶ್ವಶಕ್ತಿ. ಬಾಡಿಗೆ ಕಾರ್ಟ್ ಓಡಿಸೋ ಟ್ರ್ಯಾಕ್‌ಗಳಲ್ಲಿ ಈಗಲೂ ಇದೇ ಜಿಎಕ್ಸ್ ಜಾತಿಯ ಇಂಜಿನ್ ಬಳಸ್ತಾರೆ. ನಗೋ ಹುಡುಗರಿಗೆ ಇಷ್ಟು ಹೇಳಲಿ.

ಈಗ ಕೆಲಸದ ಮಾತು. ಲೇಥ್ ಯಜಮಾನರು ಹೇಳಿದ್ದೆಲ್ಲಾ ಚಿನ್ನ. ಆ ಅಡ್ಡ ಪೈಪಿನ ಬಗ್ಗೆ ಮಾತ್ರ ನನ್ನ ಅಭಿಪ್ರಾಯ ಬೇರೆ. ಕಾರ್ಟಿಗೆ ಸಸ್ಪೆನ್ಷನ್ ಇಲ್ಲ, ಡಿಫರೆನ್ಷಿಯಲ್ಲೂ (ತಿರುವಿನಲ್ಲಿ ಎರಡು ಚಕ್ರಕ್ಕೆ ಬೇರೆ ಬೇರೆ ವೇಗ ಕೊಡೋ ಗೇರು) ಇಲ್ಲ. ಹಿಂದಿನ ಎರಡೂ ಚಕ್ರ ಒಂದೇ ಆಕ್ಸಲ್ಲಿಗೆ ಬಿಗಿದಿರೋದರಿಂದ ಒಂದೇ ವೇಗದಲ್ಲಿ ತಿರುಗ್ತವೆ. ತಿರುವಿನಲ್ಲಿ ಒಳಗಿನ ಹಿಂಚಕ್ರ ಒಂಚೂರು ಎದ್ದರೆ ಮಾತ್ರ ಗಾಡಿ ತಿರುಗೋದು. ಫ್ರೇಮ್ ಸ್ವಲ್ಪ ತಿರುಚಿಕೊಳ್ಳೋದೇ ಅದಕ್ಕೆ ದಾರಿ ಮಾಡಿಕೊಡುತ್ತೆ. ತೀರಾ ಬಿಗಿ ಮಾಡಿದರೆ ಸ್ಟೀರಿಂಗ್ ತಿರುಗಿಸಿದರೂ ನೇರ ಹೋಗುತ್ತೆ. ಕೆಟ್ಟ ತುಂಡು ಬದಲಿಸಿ, ಹೊಸ ಪೈಪ್ ಸೇರಿಸಬೇಡಿ.

ಇಂಜಿನ್ ಶಾಫ್ಟ್ ಅಳೆದು ನೋಡದೆ ಕ್ಲಚ್ ತರಿಸಬೇಡಿ. ಜಿಎಕ್ಸ್160 ಶಾಫ್ಟ್ ಮುಕ್ಕಾಲು ಇಂಚು ಅಂದರೆ 19.05 ಎಂಎಂನಲ್ಲೂ ಬರುತ್ತೆ, 20 ಎಂಎಂನಲ್ಲೂ ಬರುತ್ತೆ. ಕಣ್ಣಿಗೆ ಎರಡೂ ಒಂದೇ. ಇನ್ನೊಂದು, ಶಾಫ್ಟ್ ಕಡೆಯಿಂದ ನೋಡಿದರೆ ಈ ಇಂಜಿನ್ ಗಡಿಯಾರದ ವಿರುದ್ಧ ದಿಕ್ಕಿಗೆ ತಿರುಗುತ್ತೆ. ಹಾಗಾಗಿ ಶಾಫ್ಟ್ ಗಾಡಿಯ ಎಡಕ್ಕೆ ಮುಖ ಮಾಡಿರಬೇಕು. ಬಲಕ್ಕೆ ಕೂರಿಸಿದರೆ ಗಾಡಿ ಹಿಂದಕ್ಕೆ ಓಡುತ್ತೆ.

ನಿಮ್ಮ ತಮ್ಮನವರ ಕಾರ್ಟಿನಲ್ಲಿ ಬೈಕ್ ಇಂಜಿನ್ ಇತ್ತು, ಗೇರ್‌ಬಾಕ್ಸ್ ಅದರಲ್ಲೇ ಇತ್ತು. ಇದಕ್ಕೆ ಅದಿಲ್ಲ, ಹಿಂದಿನ ಸ್ಪ್ರಾಕೆಟ್ಟೇ ವೇಗ ಇಳಿಸಬೇಕು. ಸೆಂಟ್ರಿಫ್ಯೂಗಲ್ ಕ್ಲಚ್ಚಿಗೆ (ಇಂಜಿನ್ ವೇಗ ಏರಿದಾಗ ತಾನೇ ಹಿಡಿಯೋದು) 12 ಹಲ್ಲು, ಹಿಂದೆ 72 ಹಲ್ಲು ಹಾಕಿ. ಆರಕ್ಕೆ ಒಂದು. 11 ಇಂಚಿನ ಟೈರಿಗೆ, 3600 ಆರ್‌ಪಿಎಂನಲ್ಲಿ ಗಂಟೆಗೆ ಸುಮಾರು 31 ಕಿಮೀ ಬರುತ್ತೆ. ಆದರೆ ಬೈಕಿನ ಅರ್ಧ ಇಂಚು ಪಿಚ್ (ಪಿನ್ನಿಂದ ಪಿನ್ನಿಗೆ ಇರೋ ಅಂತರ) ಚೈನಿನಲ್ಲಿ ಇದನ್ನ ಮಾಡೋಕಾಗಲ್ಲ. ಆ ಲೆಕ್ಕದಲ್ಲಿ 72 ಹಲ್ಲಿನ ಸ್ಪ್ರಾಕೆಟ್ ಹನ್ನೊಂದೂವರೆ ಇಂಚು ಅಗಲ ಆಗುತ್ತೆ, ಟೈರಿಗಿಂತ ದೊಡ್ಡದು, ನೆಲ ಉಳುತ್ತೆ. ನಾವು ಈ ತಪ್ಪು ಮಾಡಿ ಒಂದು ಸ್ಪ್ರಾಕೆಟ್ ಕೆಡಿಸಿದ್ದೀವಿ. 35 ನಂಬರ್ ಚೈನ್ ತಗೊಳ್ಳಿ, ಪಿಚ್ 3/8 ಇಂಚು, ಅದೇ 72 ಹಲ್ಲು ಎಂಟೂವರೆ ಇಂಚಿಗೆ ಮುಗಿಯುತ್ತೆ.

ಮೊದಲ ತಿಂಗಳು ಆಕ್ಸಿಲರೇಟರ್ ಪೆಡಲ್ ಕೆಳಗೆ ಒಂದು ಬೋಲ್ಟ್ ತಡೆ ಇಟ್ಟು 2800ಕ್ಕೆ ನಿಲ್ಲಿಸಿ, 24 ಕಿಮೀ ಆಸುಪಾಸು. ಅದಕ್ಕಿಂತ ತೀರಾ ಕೆಳಗಿಳಿಸಿದರೆ ಕ್ಲಚ್ ಪೂರ್ತಿ ಹಿಡಿಯದೆ ಜಾರಿ ಸುಟ್ಟುಹೋಗುತ್ತೆ.

ಬ್ರೇಕ್ ವಿಷಯದಲ್ಲಿ ಉಳಿತಾಯ ಬೇಡ. ಡಿಸ್ಕನ್ನ ಒತ್ತಿ ಹಿಡಿಯೋ ಕ್ಯಾಲಿಪರ್ ಬಿಚ್ಚಿ ಸೀಲ್ ಕಿಟ್ ಹೊಸದು ಹಾಕಿ, ಬ್ರೇಕ್ ಆಯಿಲ್ ಹೊಸದು. ರಬ್ಬರ್ ಸೀಲಿಗೆ ಪೆಟ್ರೋಲ್, ಗ್ರೀಸ್ ಮುಟ್ಟಿಸಬೇಡಿ, ಉಬ್ಬಿಕೊಳ್ಳುತ್ತೆ. ಆಯಿಲ್ ಪೇಂಟಿನ ಮೇಲೆ ಬಿದ್ದರೆ ಪೇಂಟ್ ಏಳುತ್ತೆ, ಕೂಡಲೇ ನೀರು ಹಾಕಿ ತೊಳೀರಿ.

ಈ ಇಂಜಿನ್ ನಿಲ್ಲೋದು ಕಾಯಿಲ್‌ನ ವೈರ್ ಅರ್ತ್ ಆದಾಗ. ಆ ವೈರಿಗೆ ಹಗ್ಗದ ಕಿಲ್ ಸ್ವಿಚ್ ಹಾಕಿ, ಹಗ್ಗದ ಇನ್ನೊಂದು ತುದಿ ಹುಡುಗನ ಸೊಂಟಕ್ಕೆ. ಅವನು ಸೀಟಿಂದ ಜಾರಿದರೆ ಇಂಜಿನ್ ನಿಲ್ಲುತ್ತೆ. ಸೀಟ್ ಬೆಲ್ಟ್ ಹಾಕಬೇಡಿ. ಮೇಲೆ ರೋಲ್ ಬಾರ್ ಇಲ್ಲದ ಗಾಡಿ ಮಗುಚಿದರೆ ಬೆಲ್ಟ್ ಕಟ್ಟಿದ ಮಗು ಅದರ ಅಡಿಗೇ ಸಿಗುತ್ತೆ. ಅದಕ್ಕೇ ರೇಸ್ ಕಾರ್ಟಿನಲ್ಲೂ ಬೆಲ್ಟ್ ಇರಲ್ಲ. ಮುಖ ಮುಚ್ಚೋ ಐಎಸ್ಐ ಹೆಲ್ಮೆಟ್, ಬೂಟು, ಉದ್ದ ತೋಳಿನ ಅಂಗಿ. ಚೈನಿಗೂ ಆಕ್ಸಲ್ಲಿಗೂ ತಗಡಿನ ಮುಚ್ಚಳ ಇಲ್ಲದೆ ಒಂದು ಸುತ್ತೂ ಬೇಡ. ಅಕ್ಕ, ನೀವು ಓಡಿಸೋದಾದರೆ ಜಡೆ ಹೆಲ್ಮೆಟ್ಟಿನೊಳಗೆ, ಶಾಲು ಮನೆಯೊಳಗೆ.

ಊರ ರಸ್ತೆಗೆ ಇಳಿಸಬೇಡಿ, ಹಾಲಿನ ಡೈರಿವರೆಗೂ ಬೇಡ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 199ಎ ಪ್ರಕಾರ ಮಕ್ಕಳು ರಸ್ತೆಯಲ್ಲಿ ತಪ್ಪು ಮಾಡಿದರೆ ಹೆತ್ತವರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು.

ಹೊಸನಗರ ತೋಟದಮನೆ, ಏಪ್ರಿಲ್:

ಇಷ್ಟು ದಿನ ಉತ್ತರ ಬರೆಯದ್ದಕ್ಕೆ ಕ್ಷಮಿಸಿ. ಕೊಯ್ಲು, ಸುಲಿಯೋದು, ಬೇಯಿಸೋದು, ಒಣಗಿಸೋದು ಅಂತ ಫೆಬ್ರವರಿವರೆಗೂ ಪುರುಸೊತ್ತಿರಲಿಲ್ಲ. ಭಾನುವಾರ ಮಾತ್ರ ಕೆಲಸ ನಡೀತು.

ಅಡ್ಡ ಪೈಪ್ ಹಾಕಿಸಲಿಲ್ಲ. ಭದ್ರಾವತಿ ಅಣ್ಣ, ಬೇಜಾರಾಗಬೇಡಿ, ಉಳಿದದ್ದೆಲ್ಲಾ ನೀವು ಹೇಳಿದ ಹಾಗೇ ಮಾಡಿದ್ದು. ಬೇರಿಂಗ್ ಯುಸಿ 206, ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನಲ್ಲಿ ಸಿಕ್ಕಿತು. ನಂಬರ್ ಹೇಳಿ ಕೇಳಿದ್ದು ಮಗನೇ. ಅಂಗಡಿಯವರು ಅವನನ್ನ ಒಂದು ಸಲ ನೋಡಿ, ಬೇರಿಂಗ್ ಡಬ್ಬಿಯನ್ನ ನನಗೆ ಕೊಡದೆ ಅವನ ಕೈಗೇ ಕೊಟ್ಟರು. ಶಾಫ್ಟ್ 20 ಎಂಎಂ ಇತ್ತು. ಅಳೆಯದಿದ್ದರೆ ಮುಕ್ಕಾಲು ಇಂಚಿನ ಕ್ಲಚ್ ತರಿಸಿಬಿಡ್ತಿದ್ದೆ.

ಇಂಜಿನ್ ಕಥೆ ಸ್ವಲ್ಪ ಹೇಳಬೇಕು. ಟ್ಯಾಂಕಿನಲ್ಲಿದ್ದ ಪೆಟ್ರೋಲ್ ಜೋನಿಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಸೈಲೆನ್ಸರ್ ಬಾಯಲ್ಲಿ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿತ್ತು, ಬೆರಳುದ್ದ ಮೂರು ಕೊಳವೆ. ಅದನ್ನ ಕಡ್ಡಿಯಲ್ಲಿ ಬಿಡಿಸಿ ಪೂರ್ತಿ ಕೊಡವೋಕೇ ಒಂದು ಸಂಜೆ ಹೋಯ್ತು. ಕಾರ್ಬ್ಯುರೇಟರ್ ಅವನೇ ಬಿಚ್ಚಿದ, ಟಾರ್ಚ್ ನಾನು ಹಿಡಿದೆ. ಬೌಲ್ ಒಳಗೆ ಹಸಿರು ಅಂಟು. ಮೇನ್ ಜೆಟ್ ತೆಗೆದು ಅಂಗೈಮೇಲೆ ಇಟ್ಟುಕೊಂಡ, ಭತ್ತದ ಕಾಳಿಗಿಂತ ಸ್ವಲ್ಪ ದೊಡ್ಡ ಹಿತ್ತಾಳೆ ತುಂಡು, ನಡುವೆ ಪೆಟ್ರೋಲ್ ಹಾಯೋ ತೂತು. ಕಿಟಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದರೆ ಕತ್ತಲೆ. ಸ್ಟೀಲ್ ತಂತಿ ಹಾಕಿದರೆ ತೂತು ದೊಡ್ಡದಾಗುತ್ತೆ ಅಂತ ಅಪ್ಪ ಹೇಳ್ತಿದ್ದರು. ಹಳೇ ವೈರಿನ ತಾಮ್ರದ ಒಂದೆಳೆ ಸುಲಿದು ಕೊಟ್ಟೆ. ಉಸಿರು ಹಿಡಿದುಕೊಂಡು ತೂರಿಸಿದ, ತೆಗೆದ, ಊದಿದ, ಮತ್ತೆ ನೋಡಿದ. ಮೂರನೇ ಸಲ "ಬೆಳಕು ಬಂತು" ಅಂದ. ನನ್ನ ಕಣ್ಣಿಗೂ ಹಿಡಿದು ತೋರಿಸಿದ, ರಾಗಿಕಾಳಿಗಿಂತ ಸಣ್ಣದೊಂದು ಬಿಳಿ ಚುಕ್ಕಿ.

ಹೊಸ ಪ್ಲಗ್ಗಿನ ಗ್ಯಾಪ್ 0.7 ಎಂಎಂಗೆ ಇಟ್ಟು, 10ಡಬ್ಲ್ಯು-30 ಆಯಿಲ್ ಹೆಚ್ಚುಕಡಿಮೆ ಆರುನೂರು ಎಂಎಲ್ ಹಾಕಿದೆವು. ಹಗ್ಗ ಎಳೆಯೋದು ಯಾರು ಅಂತ ಮಾತೇ ಬರಲಿಲ್ಲ. ಹನ್ನೊಂದು ಸಲ ಎಳೆದ. ಹನ್ನೆರಡನೇ ಸಲಕ್ಕೆ ಹಿಡೀತು. ಹಟ್ಟಿಯಲ್ಲಿದ್ದ ದನ ಎಲ್ಲಾ ಎದ್ದು ನಿಂತವು. ಅಡುಗೆಮನೆಯಿಂದ ಅತ್ತೆ ಕೈಯಲ್ಲಿ ಸೌಟು ಹಿಡಿದೇ ಬಂದರು. ತಮ್ಮನಿಗೆ ವಿಡಿಯೋ ಕಾಲ್ ಮಾಡಿದರೆ ಅವನಿಗೆ ಗಂಟಲು ಕಟ್ಟಿ ಮಾತೇ ಬರಲಿಲ್ಲ, ಫೋನಿನ ಕ್ಯಾಮೆರಾ ಸ್ಟೀರಿಂಗ್ ಕಡೆ ತಿರುಗಿಸು ಅಂತ ಕೈಯಲ್ಲೇ ಸನ್ನೆ ಮಾಡಿದ. ಆ ದಾರ ಸುತ್ತಿದ್ದು ಅವನಂತೆ.

ಅಂಗಳದಲ್ಲಿ ಮೂರು ದಿನದಿಂದ ಓಡಿಸ್ತಿದ್ದಾನೆ. ಸುತ್ತ ಹುಲ್ಲಿನ ಹೊರೆ ಜೋಡಿಸಿದ್ದೀವಿ. ಒಂದೇ ತೊಂದರೆ: ಸ್ಟೀರಿಂಗ್ ನೇರ ಹಿಡಿದರೂ ಬಲಕ್ಕೆ ಎಳೀತಿದೆ. ಟೈ ರಾಡ್ ಹೊಂದಿಸುವಾಗ ಟೇಪ್ ಹಿಡಿದು ಎರಡೂ ಮುಂಚಕ್ರದ ನಡುವಿನ ಅಂತರ ಮುಂದೆ, ಹಿಂದೆ ಎರಡೂ ಕಡೆ ಅಳೆದಿದ್ದೀವಿ, 2 ಎಂಎಂ ವ್ಯತ್ಯಾಸ ಅಷ್ಟೇ. ಮತ್ತೆ ಬಿಚ್ಚಬೇಕಾ?

ಹಳೇ ಕಾರ್ಟ್ ಟೀಮ್:

ಬಿಚ್ಚೋ ಮೊದಲು ಟೈರಿನ ಗಾಳಿ ನೋಡಿ ಅಕ್ಕ. ಕಾರ್ಟಿಗೆ ಗಾಳಿ ಬಹಳ ಕಮ್ಮಿ ಇರುತ್ತೆ, ಹಾಗಾಗಿ ನಾಲ್ಕೈದು ಪಿಎಸ್ಐ ಹೆಚ್ಚುಕಡಿಮೆ ಆದರೂ ಸ್ಟೀರಿಂಗಿನಲ್ಲಿ ಗೊತ್ತಾಗುತ್ತೆ. ಯಾವ ಕಡೆ ಕಮ್ಮಿಯೋ ಆ ಕಡೆಗೆ ಎಳೆಯುತ್ತೆ.

ಹೊಸನಗರ ತೋಟದಮನೆ:

ನೋಡಿದೆವು. ಮುಂದಿನ ಎಡ ಟೈರಿನಲ್ಲಿ 14, ಬಲದಲ್ಲಿ 9. ವಾಲ್ವಿನ ಬಾಯಿಗೆ ಎಂಜಲು ಹಚ್ಚಿ, ಗುಳ್ಳೆ ಏಳೋದನ್ನ ಅವನೇ ತೋರಿಸಿದ. ನಾಳೆ ಪೇಟೆಗೆ ಹೋದಾಗ ವಾಲ್ವ್ ತರ್ತೀವಿ.